ತೂಕ ಇಳಿಸುವ ಸರ್ಜರಿ ಆಯ್ತು, ಇನ್ನು ಊಟ ಹೇಗೆ?

ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರನ್ನು ಸಾಮಾನ್ಯವಾಗಿ ಎರಡು–ಮೂರು ದಿನದಲ್ಲೇ ಮನೆಗೆ ಕಳಿಸುತ್ತಾರೆ. ಜೊತೆಗೊಂದು ಡಯಟ್ ಚಾರ್ಟ್ ಕೊಡುತ್ತಾರೆ. ‘ಕ್ಲಿಯರ್ ಲಿಕ್ವಿಡ್’, ‘ಪ್ಯೂರಿ’, ‘ಹೈ ಪ್ರೋಟೀನ್’ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಒಲೆಯ ಮುಂದೆ ನಿಂತವರ ಪ್ರಶ್ನೆಗಳೇ ಬೇರೆ: ಸಾರು ಕೊಡಬಹುದಾ? ರಾಗಿ ಗಂಜಿ? ಮುದ್ದೆ ಯಾವಾಗ? ಹಬ್ಬಕ್ಕೆ ಹೋಳಿಗೆ? ಸರ್ಜರಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಅದರ ಫಲ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮನೆಯ ಅಡುಗೆಕೋಣೆಯಲ್ಲಿ. ಹಾಗಾಗಿ ಸರ್ಜರಿ ಆದವರ ಜೊತೆಗೆ ಅವರಿಗೆ ಅಡುಗೆ ಮಾಡಿ ಬಡಿಸುವವರೂ ಇದನ್ನು ಓದಬೇಕೆಂಬುದು ನನ್ನ ಆಸೆ. ನಿಮ್ಮ ಸರ್ಜನ್ ಕೊಟ್ಟ ಚಾರ್ಟ್‌ಗೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಚಾರ್ಟನ್ನೇ ಪಾಲಿಸಿ.

ಒಳಗೆ ಏನಾಗಿದೆ?

ಹೆಚ್ಚಾಗಿ ಮಾಡುವುದು ಎರಡು ಬಗೆಯ ಸರ್ಜರಿ: ಸ್ಲೀವ್ ಮತ್ತು ಬೈಪಾಸ್. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಬಾಳೆಕಾಯಿ ಆಕಾರದ ಸಣ್ಣ ಕೊಳವೆಯನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವುದು ತೆಗೆದ ಆ ಭಾಗದಲ್ಲೇ. ಮೊದಮೊದಲು ‘ಹಸಿವೇ ಆಗ್ತಿಲ್ಲ’ ಎಂದು ಹಲವರು ಹೇಳುವುದು ಇದಕ್ಕೇ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಬೇರ್ಪಡಿಸಿ, ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಂಡ ಅನ್ನ ಕರುಳಿನ ಮೊದಲ ಭಾಗಕ್ಕೆ ಹೋಗುವುದೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳುವ ಮುಖ್ಯ ಜಾಗ ಅದೇ. ನಿಮಗೆ ಆಗಿರುವುದು ಇವೆರಡರಲ್ಲಿ ಯಾವುದು ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಮುಂದೆ ಬರುವ ಹಲವು ಉತ್ತರಗಳು ಅದರ ಮೇಲೆ ನಿಂತಿವೆ.

ಹೆಜ್ಜೆ 1: ಮೊದಲ ಎರಡು ವಾರ, ಗುಟುಕು ಮಾತ್ರ

ಮೊದಲ ಒಂದೆರಡು ದಿನ ನೀರು, ಎಳನೀರು, ಖಾರ ಹಾಕದೆ ಸೋಸಿದ ತಿಳಿಸಾರು ಅಥವಾ ಮೂಳೆ ಸೂಪಿನ ತಿಳಿ. ಆಮೇಲೆ ಮಜ್ಜಿಗೆ, ಕೆನೆ ತೆಗೆದ ಹಾಲು, ಸೋಸಿದ ಬೇಳೆಕಟ್ಟು, ಹುರುಳಿಕಟ್ಟು, ತೆಳ್ಳಗಿನ ರಾಗಿ ಅಂಬಲಿ, ವೈದ್ಯರು ಹೇಳಿದ ಪ್ರೋಟೀನ್ ಪುಡಿ. ಲೋಟ ಎತ್ತಿ ಗಟಗಟ ಕುಡಿಯುವ ಅಭ್ಯಾಸವನ್ನು ಬದಿಗಿಡಬೇಕು. ಸಿರಪ್ ಬಾಟಲಿಯ ಜೊತೆ ಬರುವ ಅಳತೆ ಕಪ್ಪಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ಇಡೀ ದಿನ ಗುಟುಕರಿಸುತ್ತಿರಿ. ದಿನಕ್ಕೆ ಒಂದೂವರೆ ಲೀಟರ್ ಮುಟ್ಟುವುದು ಗುರಿ, ಅದು ಮೊದಲ ದಿನವೇ ಆಗದಿದ್ದರೆ ಗಾಬರಿ ಬೇಡ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ.

ನಡಿಗೆ ಆಸ್ಪತ್ರೆಯಲ್ಲೇ ಶುರುವಾಗಿರುತ್ತದೆ, ಬಿಡಬೇಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಅದೇ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ.

ಈ ಅವಧಿಯಲ್ಲಿ ಕೆಲವು ಲಕ್ಷಣಗಳನ್ನು ಒಂದು ಗಂಟೆಯೂ ಕಡೆಗಣಿಸುವಂತಿಲ್ಲ: ಜ್ವರ, ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 120 ದಾಟುವ ನಾಡಿ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದು ಕಾಲಿನ ಮೀನಖಂಡದ ಊತ, ನೀರೂ ನಿಲ್ಲದ ವಾಂತಿ. ಹೊಲಿಗೆ ಹಾಕಿದ ಜಾಗದಲ್ಲಿ ಸೋರಿಕೆಯಾದರೆ ಅಥವಾ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೀಗೇ ಶುರುವಾಗುತ್ತದೆ. ‘ಗ್ಯಾಸ್ ಇರಬೇಕು’ ಎಂದು ಓಂಕಾಳಿನ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಸರ್ಜರಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ.

ಇನ್ನೊಂದು ಅಪಾಯ ಹಳೆಯ ಮಾತ್ರೆಗಳದ್ದು. ಮಧುಮೇಹ ಇರುವವರಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯತೊಡಗುತ್ತದೆ. ಮೊದಲಿನ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡರೆ ಸಕ್ಕರೆ ತೀರಾ ಕೆಳಗಿಳಿದು ಪ್ರಜ್ಞೆ ತಪ್ಪಬಹುದು. ಬಿ.ಪಿ. ಮಾತ್ರೆಯವರಿಗೆ ಎದ್ದು ನಿಂತಾಗ ತಲೆಸುತ್ತು ಬರಬಹುದು. ಎರಡನ್ನೂ ದಿನವೂ ಮನೆಯಲ್ಲೇ ಅಳೆದು ಬರೆದಿಟ್ಟು ವೈದ್ಯರಿಗೆ ತಿಳಿಸಿ. ಮಾತ್ರೆ ಕಡಿಮೆ ಮಾಡುವುದು, ನಿಲ್ಲಿಸುವುದು ಅವರ ಕೆಲಸ.

ಹೆಜ್ಜೆ 2: ಮೂರನೇ ವಾರದಿಂದ ಮೆತ್ತಗಿನ ಊಟ

ಮೂರು ಮತ್ತು ನಾಲ್ಕನೇ ವಾರ ಎಲ್ಲವೂ ನುಣ್ಣಗೆ ಮಸೆದದ್ದು: ಹೆಸರುಬೇಳೆ, ಬೇಯಿಸಿ ಕಿವುಚಿದ ಕುಂಬಳಕಾಯಿ, ಮೊಸರು, ಮೆತ್ತಗೆ ಕಲಕಿದ ಮೊಟ್ಟೆ. ಐದು–ಆರನೇ ವಾರ ಮೆತ್ತಗೆ ಬೆಂದ ತರಕಾರಿ, ಪನ್ನೀರ್, ಬೇಯಿಸಿದ ಮೀನು, ಮೊಸರಲ್ಲಿ ನೆನೆದ ಇಡ್ಲಿ. ಮಾಮೂಲಿ ಊಟಕ್ಕೆ ಬರಲು ಆರರಿಂದ ಎಂಟು ವಾರ ಬೇಕು.

ಹಳೇ ಮೈಸೂರು ಕಡೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿಗೆ ಅದ್ದಿ ನುಂಗುತ್ತೇವೆ. ರಾಗಿ ಒಳ್ಳೆಯದೇ. ಆದರೆ ಸರ್ಜರಿಯಾದ ಜಠರಕ್ಕೆ ನುಂಗಿದ ತುತ್ತು ಹಾಗೇ ಇಳಿದರೆ ಅದು ಅಲ್ಲೇ ಕೂರುತ್ತದೆ, ಎದೆ ಒತ್ತುತ್ತದೆ, ವಾಂತಿಯಾಗುತ್ತದೆ. ರಾಗಿ ಬೇಕೆಂದರೆ ತಿಂಗಳುಗಟ್ಟಲೆ ಅಂಬಲಿಯಾಗಿಯೇ ಇರಲಿ. ಮುಂದೆ ಮುದ್ದೆ ತಿಂದರೂ ಚಿಕ್ಕ ಚೂರು, ಅದೂ ಅಗಿದು. ಬಾಲ್ಯದಿಂದ ಬಂದ ಅಭ್ಯಾಸವನ್ನು ಬದಲಿಸುವುದು ಸುಲಭವಲ್ಲ, ನನಗೆ ಗೊತ್ತು. ಉತ್ತರ ಕರ್ನಾಟಕದವರು ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ಚೆನ್ನಾಗಿ ನೆನೆಸಿಕೊಳ್ಳಲಿ. ಒಣ ಚಪಾತಿ, ಬ್ರೆಡ್, ಅಂಟಂಟು ಅನ್ನ, ಒಣಗಿದ ಕೋಳಿಮಾಂಸ ಬಹಳ ಕಾಲ ತೊಂದರೆ ಕೊಡುವ ಪದಾರ್ಥಗಳು.

ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಿರಿ. ಚಿಕ್ಕ ಬಟ್ಟಲು, ಟೀ ಚಮಚ, ಇಪ್ಪತ್ತು–ಮೂವತ್ತು ನಿಮಿಷ. ‘ಹೊಟ್ಟೆ ತುಂಬಿತು’ ಎಂಬ ಸೂಚನೆ ಈಗ ಬೇರೆ ಥರ ಬರುತ್ತದೆ: ಎದೆಯ ನಡುವೆ ಒತ್ತಿದಂತೆ ಆಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರು, ಬಾಯಿ ತುಂಬ ನೊರೆ ಜೊಲ್ಲು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ಚಮಚ ಇಡಿ. ತಟ್ಟೆಯಲ್ಲಿ ಉಳಿದ ಎರಡು ತುತ್ತು ಹಾಳಾದರೆ ಹಾಳಾಗಲಿ.

ಹೆಜ್ಜೆ 3: ಎಲೆಯ ಕ್ರಮ ತಿರುಗಿಸಿ

ನಮ್ಮ ಊಟದಲ್ಲಿ ಅನ್ನವೇ ಯಜಮಾನ, ಪಲ್ಯ ಪಕ್ಕಕ್ಕೆ. ಈಗ ಬೇಳೆ, ಮೊಟ್ಟೆ, ಮೀನು, ಪನ್ನೀರ್ ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಅನ್ನ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಸಾಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ನಿಶ್ಶಕ್ತಿ ಬರುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, 100 ಗ್ರಾಂ ಪನ್ನೀರ್‌ನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಸೋಯಾ ಚಂಕ್ಸ್ ಒಣಗಿದ್ದಾಗ ತೂಕದ ಅರ್ಧದಷ್ಟು ಪ್ರೋಟೀನೇ. ಲೆಕ್ಕ ಹಾಕಿ ನೋಡಿದರೆ, ಇಷ್ಟು ಚಿಕ್ಕ ಹೊಟ್ಟೆಯಲ್ಲಿ ಬರೀ ಸಾರು–ಅನ್ನ–ಮಜ್ಜಿಗೆಯಿಂದ 60 ಗ್ರಾಂ ಮುಟ್ಟುವುದು ಸಸ್ಯಾಹಾರಿಗಳಿಗೆ ಆಗದ ಮಾತು. ಮೊದಲ ತಿಂಗಳುಗಳಲ್ಲಿ ಹಾಲಿನಿಂದ ತೆಗೆದ ‘ವೇ’ ಪ್ರೋಟೀನ್ ಪುಡಿ ಬೇಕೇ ಬೇಕಾಗುತ್ತದೆ. ‘ಜಿಮ್‌ಗೆ ಹೋಗುವವರ ಪುಡಿ ನಮಗ್ಯಾಕೆ’ ಎಂದು ಮನೆಯ ಹಿರಿಯರು ತಡೆದರೆ ಡಯಟಿಷಿಯನ್ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ.

ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ಮೇಲೆ ಕುಡಿಯಿರಿ. ನೀರು ಕುಡಿದರೆ ಒಂದೋ ಜಾಗ ಅಲ್ಲೇ ತುಂಬುತ್ತದೆ, ಇಲ್ಲವೇ ಊಟ ಬೇಗ ಜಾರಿ ಮತ್ತೆ ಹಸಿವಾಗುತ್ತದೆ. ಸೋಡಾ, ಕೋಲಾ ಬಿಟ್ಟುಬಿಡಿ. ಫಿಲ್ಟರ್ ಕಾಫಿ ಮೊದಲ ಒಂದು ತಿಂಗಳು ಬೇಡ, ಆಮೇಲೆ ವೈದ್ಯರನ್ನು ಕೇಳಿ ಸಣ್ಣ ಲೋಟದಲ್ಲಿ, ಸಕ್ಕರೆ ಇಲ್ಲದೆ.

ಹೆಜ್ಜೆ 4: ಮಾತ್ರೆ, ಬದುಕಿರುವವರೆಗೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಮೊದಲ ವರ್ಷ ಎಲ್ಲರೂ ಶ್ರದ್ಧೆಯಿಂದ ತೆಗೆದುಕೊಳ್ಳುತ್ತಾರೆ. ತೂಕ ಇಳಿದು ಆರಾಮಾದ ಮೇಲೆ ‘ಇನ್ನೂ ಎಷ್ಟು ದಿನ ಈ ಮಾತ್ರೆ’ ಎಂದು ಬಿಡುತ್ತಾರೆ. ಕೊರತೆ ಆಗ ಸದ್ದಿಲ್ಲದೆ ಶುರುವಾಗುತ್ತದೆ.

ಬೇಕಾದವು ಇವು: ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿ.ಗ್ರಾಂ., ಅದೂ ಸಿಟ್ರೇಟ್ ರೂಪದ್ದು ಉತ್ತಮ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರ್ಬೋನೇಟ್ ಕರಗಲು ಜಠರದ ಆಮ್ಲ ಬೇಕು, ಅದೇ ಈಗ ಕಡಿಮೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ ಇರಲಿ, ಒಂದು ಇನ್ನೊಂದನ್ನು ತಡೆಯುತ್ತದೆ. ಕಾಫಿ–ಚಹಾದ ಜೊತೆ ಕಬ್ಬಿಣದ ಮಾತ್ರೆ ನುಂಗಿದರೆ ದೇಹಕ್ಕೆ ದಕ್ಕುವುದು ತೀರ ಕಡಿಮೆ. ಮುಟ್ಟಾಗುವ ಹೆಣ್ಣುಮಕ್ಕಳಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ. ಕಬ್ಬಿಣ ಬೇಕಾಗುತ್ತದೆ. ಬಿ12 ಮಾತ್ರೆ ಹಿಡಿಸದವರಿಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಾರೆ. ಸಸ್ಯಾಹಾರಿಗಳಲ್ಲಿ ಸರ್ಜರಿಗೆ ಮೊದಲೇ ಬಿ12 ಕಡಿಮೆ ಇರುವುದು ಸಾಮಾನ್ಯ. ಪಾದಗಳಲ್ಲಿ ಜೋಮು, ಮರೆವು, ನಾಲಿಗೆ ಉರಿ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಿ.

ಥಯಾಮಿನ್, ಅಂದರೆ ಬಿ1, ವಿಷಯವನ್ನು ಬೇರೆಯಾಗಿಯೇ ಹೇಳುತ್ತೇನೆ. ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಗಳಷ್ಟು. ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ಅದು ಬರಿದಾಗಿ ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗೊಂದಲದ ಮಾತು ಬರಬಹುದು. ತಡವಾದರೆ ಮಿದುಳಿಗೆ ಆದ ಪೆಟ್ಟು ಉಳಿದುಬಿಡುತ್ತದೆ. ಇಂಥವರಿಗೆ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಾಮಿನ್ ಕೊಡಬೇಕು. ಊರಿನ ಚಿಕ್ಕ ಕ್ಲಿನಿಕ್‌ಗೆ ಹೋದಾಗ ‘ನನಗೆ ಬೇರಿಯಾಟ್ರಿಕ್ ಸರ್ಜರಿ ಆಗಿದೆ’ ಎಂದು ಮೊದಲೇ ಹೇಳಿ.

ಹಬ್ಬ, ಮದುವೆ ಮನೆ

ಹೋಳಿಗೆ, ಪಾಯಸ, ಪಾನಕದಲ್ಲಿನ ಸಕ್ಕರೆ ಬೈಪಾಸ್ ಆದವರಲ್ಲಿ ನೇರ ಕರುಳಿಗೆ ಧುಮುಕುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಇದೇ ಡಂಪಿಂಗ್. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ಸಕ್ಕರೆ ಇಳಿದು ಕೈನಡುಕ ಬರುತ್ತದೆ. ಸ್ಲೀವ್‌ನವರಿಗೆ ಇದು ಕಡಿಮೆ, ಆದರೆ ಇಲ್ಲವೆಂದಲ್ಲ. ಮದುವೆ ಮನೆಯಲ್ಲಿ ‘ಇನ್ನೊಂದು ಹಾಕಿಸ್ಕೊಳ್ಳಿ, ಸೊರಗಿಹೋಗಿದ್ದೀರಿ’ ಎಂಬ ಉಪಚಾರಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಕು, ವಿವರಣೆ ಕೊಡಬೇಕಾಗಿಲ್ಲ. ಬಡಿಸುವವರು ಒತ್ತಾಯ ಬಿಟ್ಟರೆ ಅದೇ ದೊಡ್ಡ ಉಪಕಾರ. ಏಕಾದಶಿ, ರಂಜಾನ್ ಉಪವಾಸ ಶುರು ಮಾಡುವ ಮೊದಲು ವೈದ್ಯರ ಒಪ್ಪಿಗೆ ಬೇಕು. ಮೊದಲ ತಿಂಗಳುಗಳಲ್ಲಂತೂ ಬೇಡ.

ಪದೇಪದೇ ಬರುವ ಪ್ರಶ್ನೆಗಳು

‘ಕೂದಲು ಕೈತುಂಬ ಬರ್ತಿದೆ, ಬೋಳಾಗಿಬಿಡ್ತೀನಾ?’ ಇಲ್ಲ. ಮೂರರಿಂದ ಆರನೇ ತಿಂಗಳ ಹೊತ್ತಿಗೆ ಉದುರುವುದು ಸಾಮಾನ್ಯ, ಬುಡ ಸತ್ತಿರುವುದಿಲ್ಲ, ಮತ್ತೆ ಬೆಳೆಯುತ್ತದೆ. ವರ್ಷವಾದರೂ ನಿಲ್ಲದಿದ್ದರೆ ಕಬ್ಬಿಣ, ಪ್ರೋಟೀನ್, ಥೈರಾಯ್ಡ್ ನೋಡಿಸಿ.

‘ತೂಕ ನಿಂತೇಬಿಟ್ಟಿದೆ.’ ಮೊದಲ ತಿಂಗಳುಗಳಲ್ಲಿ ಒಂದೆರಡು ವಾರ ಮುಳ್ಳು ಅಲ್ಲಾಡದಿರುವುದು ಬಹುತೇಕ ಎಲ್ಲರಿಗೂ ಆಗುತ್ತದೆ. ದಿನವೂ ತೂಕದ ಯಂತ್ರ ಹತ್ತುವುದನ್ನು ಬಿಟ್ಟು ವಾರಕ್ಕೊಮ್ಮೆ ನೋಡಿ.

‘ಮಗು ಯಾವಾಗ?’ 12ರಿಂದ 18 ತಿಂಗಳು ಕಾಯಿರಿ. ತೂಕ ಇಳಿದಂತೆ ಅಂಡೋತ್ಪತ್ತಿ ಸರಿಹೋಗಿ, ವರ್ಷಗಟ್ಟಲೆ ಆಗದಿದ್ದ ಗರ್ಭ ಬೇಗನೆ ನಿಲ್ಲಬಹುದು. ಬೈಪಾಸ್ ಆದವರಿಗೆ ನುಂಗುವ ಗರ್ಭನಿರೋಧಕ ಮಾತ್ರೆ ಪೂರ್ತಿ ಹಿಡಿಯದಿರಬಹುದು. ಕಾಪರ್-ಟಿಯಂಥ ವಿಧಾನದ ಬಗ್ಗೆ ಸ್ತ್ರೀರೋಗ ತಜ್ಞರೊಡನೆ ಮಾತಾಡಿ.

‘ಮಂಡಿನೋವಿಗೆ ಮಾತ್ರೆ?’ ಪ್ಯಾರಾಸಿಟಮಾಲ್ ಆಗಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೈಪಾಸ್ ಆದವರಿಗೆ ಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ–ಸಿಗರೇಟೂ ಅದೇ ಹುಣ್ಣು ತರುತ್ತದೆ.

‘ಒಂದು ಪೆಗ್?’ ಮದ್ಯ ಈಗ ಬೇಗ ರಕ್ತಕ್ಕೆ ಸೇರುತ್ತದೆ, ಅಮಲು ಹೆಚ್ಚು ಏರುತ್ತದೆ. ಸರ್ಜರಿಯ ನಂತರ ಹೊಸದಾಗಿ ಕುಡಿತಕ್ಕೆ ಬಿದ್ದವರೂ ಇದ್ದಾರೆ. ಬೇಡವೆಂದೇ ನನ್ನ ಸಲಹೆ.

ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು. ಅದಕ್ಕಾಗಿಯೇ ಹಲವರಿಗೆ ಆರು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಬರೆದಿರುತ್ತಾರೆ. ಜೋತುಬಿದ್ದ ಚರ್ಮದ ಸರ್ಜರಿಯನ್ನು ಯೋಚಿಸುವುದು ತೂಕ ಒಂದು ಕಡೆ ನಿಂತ ಮೇಲೆ, ಸಾಮಾನ್ಯವಾಗಿ ಒಂದೂವರೆ ವರ್ಷದ ನಂತರ.

ಹೆಜ್ಜೆ 5: ವರ್ಷಗಳ ಲೆಕ್ಕ

ತೂಕ ಅತಿ ಕಡಿಮೆಗೆ ಇಳಿಯುವುದು ಸುಮಾರು ಒಂದರಿಂದ ಒಂದೂವರೆ ವರ್ಷದಲ್ಲಿ. ಆಮೇಲೆ ಸ್ವಲ್ಪ ಮರಳುತ್ತದೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕ ಹತ್ತು ವರ್ಷದ ಮೇಲೂ ಮೊದಲಿಗಿಂತ ಸರಾಸರಿ ಶೇ 25ರಷ್ಟು ಕಡಿಮೆಯೇ ಇತ್ತು. ಎರಡು–ಮೂರು ಕಿಲೋ ಮರಳಿದ್ದಕ್ಕೆ ನಾಚಿ ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸುವವರಿದ್ದಾರೆ. ನಾಚಬೇಡಿ, ಆಗಲೇ ಹೋಗಬೇಕಾದದ್ದು. ಚಿಪ್ಸ್, ಬಿಸ್ಕತ್ತು, ಐಸ್‌ಕ್ರೀಂ ಚಿಕ್ಕ ಹೊಟ್ಟೆಯಲ್ಲೂ ಸುಲಭವಾಗಿ ಇಳಿಯುತ್ತವೆ. ಏರಿಕೆಗೆ ಕಾರಣ ಹುಡುಕುವುದಾದರೆ ಅಲ್ಲಿಂದಲೇ ಶುರು ಮಾಡಿ.

ರಕ್ತಪರೀಕ್ಷೆ ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ. ಆಮೇಲೆ ವರ್ಷಕ್ಕೊಮ್ಮೆ, ತಪ್ಪದೆ. ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಅಲ್ಬುಮಿನ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಇವಿಷ್ಟೂ ಪಟ್ಟಿಯಲ್ಲಿ ಇವೆಯೇ ಎಂದು ಲ್ಯಾಬ್‌ನಲ್ಲೇ ಕೇಳಿ. ಡಿಸ್ಚಾರ್ಜ್ ಸಮರಿಯ ಫೋಟೊ ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಹೊಟ್ಟೆನೋವು ಬಂದರೂ ಅಲ್ಲಿನ ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಆ ಹಾಳೆಯನ್ನೇ.