ತಯಾರಕರ ಅಪ್‌ಡೇಟ್ ನಿಂತ ಫೋನಿಗೆ
ಆಂಡ್ರಾಯ್ಡ್ ಫೋನಿಗೆ ತಯಾರಕರ ಅಪ್‌ಡೇಟ್ ನಿಂತಿದ್ದರೂ ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್’ ಹುಡುಕಿ ಒತ್ತಿ, ಡೌನ್‌ಲೋಡ್ ಆದ ಮೇಲೆ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಆಗದೆ ಅದು ಜಾರಿಗೆ ಬರುವುದಿಲ್ಲ. ಐಫೋನಿಗೆ ಆಪಲ್ ನೇರವಾಗಿ ಅಪ್‌ಡೇಟ್ ಕಳುಹಿಸುತ್ತದೆ, ಆಂಡ್ರಾಯ್ಡ್‌ನಲ್ಲಿ ಅದು ತಯಾರಕರ ಕೈ ದಾಟಿ ಬರಬೇಕು. ಈ ವಿಳಂಬ ತಗ್ಗಿಸಲೆಂದೇ 2019ರ ಆಂಡ್ರಾಯ್ಡ್ 10ರಿಂದ ವ್ಯವಸ್ಥೆಯ ಕೆಲವು ಭಾಗಗಳನ್ನು ಗೂಗಲ್ ತಾನೇ ಸರಿಪಡಿಸುತ್ತಿದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕದ ನಮ್ಮ ಮನೆಗಳಲ್ಲಿ ಮಕ್ಕಳ ಹಳೆಯ ಫೋನು ಅಜ್ಜ ಅಜ್ಜಿಯರ ಕೈ ಸೇರುತ್ತದೆ, ಬ್ಯಾಂಕಿನ ಒಟಿಪಿಯೂ ಅದಕ್ಕೇ ಬರುತ್ತದೆ. ದಯವಿಟ್ಟು ಮೊದಲು ಆ ಫೋನನ್ನೇ ನೋಡಿ. ಆಂಡ್ರಾಯ್ಡ್ 9 ಮತ್ತು ಅದಕ್ಕಿಂತ ಹಳೆಯದರಲ್ಲಿ ಈ ಸೌಲಭ್ಯವಿಲ್ಲ. ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಮೋಡೆಮ್‌ನಂತಹ ಯಂತ್ರಭಾಗಗಳ ತಂತ್ರಾಂಶದ ದೋಷಕ್ಕೆ ತಯಾರಕರ ಅಪ್‌ಡೇಟೇ ಬೇಕು.