ಟಿಶ್ಯೂ ತಗೊಂಡವರೆಲ್ಲ ಓಟು ಹಾಕಲಿಲ್ಲ

ತಪ್ಪಿನಿಂದಲೇ ಶುರು ಮಾಡುತ್ತೇನೆ. 2023ರ ನವೆಂಬರಿನಲ್ಲಿ ತೈಪೇಯಿಂದ ಕನ್ನಡ ಪತ್ರಿಕೆಯೊಂದಕ್ಕೆ ನಾನು ಕಳಿಸಿದ ಮೊದಲ ವರದಿಯಲ್ಲಿ ‘ನೀಲಿ ಕೋಟೆಯಲ್ಲಿ ಬಿರುಕು’ ಎಂದು ಬರೆದಿದ್ದೆ. ವಿರೋಧ ಪಕ್ಷದ ಭದ್ರ ಜಾಗವಾದ ತೈಪೇಯ ದಾ-ಆನ್ ಕ್ಷೇತ್ರದಲ್ಲಿ, ಜನವರಿಯ ಸಂಸತ್ ಚುನಾವಣೆಗೆ ಮುನ್ನ, ಗಾಳಿ ತಿರುಗುತ್ತಿದೆ ಎಂಬ ಅರ್ಥದಲ್ಲಿ. ಅದಕ್ಕೆ ನನ್ನಲ್ಲಿದ್ದ ಆಧಾರ ಒಂದೇ: ಜನ ಟಿಶ್ಯೂ ಪೇಪರ್ ತಗೊಳ್ಳುತ್ತಿದ್ದರು.

ತೈವಾನಿನಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಅಭ್ಯರ್ಥಿಯ ಮುಖ ಅಚ್ಚಾದ ಅಂಗೈಯಗಲದ ಟಿಶ್ಯೂ ಪೊಟ್ಟಣ ಊರ ತುಂಬ ಓಡಾಡುತ್ತದೆ. ಪ್ರಚಾರಕ್ಕೆ ಹಂಚುವ ವಸ್ತುವಿನ ಬೆಲೆ 30 ತೈವಾನ್ ಡಾಲರ್ ದಾಟಿದರೆ ಅದು ಓಟು ಕೊಳ್ಳುವ ಲೆಕ್ಕಕ್ಕೆ ಹೋಗುತ್ತದೆ. ಸೀರೆ, ಕುಕ್ಕರಿನ ನಾಡಿನಿಂದ ಹೋದ ನನಗೆ ಮೊದಲು ನಗು ಬಂತು. ಒಂದು ಬೆಳಿಗ್ಗೆ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ನಿಂತು ಎಣಿಸಿದೆ. ಆ ಪಕ್ಷದ ವಿರುದ್ಧ ನಿಂತವರ ಕಾರ್ಯಕರ್ತರು ಚಾಚಿದ ಹತ್ತು ಪೊಟ್ಟಣದಲ್ಲಿ ಏಳೆಂಟನ್ನು ಜನ ತಗೊಂಡರು, ತಲೆ ಬಾಗಿಸಿದರು, ನಕ್ಕರು. ನನಗೆ ಅಷ್ಟೇ ಸಾಕಾಯಿತು. ಎರಡು ದಿನ ಬಿಟ್ಟು ಅದೇ ಬಾಗಿಲಲ್ಲಿ ಎದುರಾಳಿಯ ಕಡೆಯವರು ನಿಂತಿದ್ದರು. ಅವರ ಪೊಟ್ಟಣಕ್ಕೂ ಅದೇ ಏಳೆಂಟು ಕೈ, ಅದೇ ನಗು. ನನ್ನ ವರದಿ ಅಷ್ಟರಲ್ಲಿ ಅಚ್ಚಾಗಿತ್ತು.

ನಾನು ಧಾರವಾಡದವನು. ಮ್ಯಾಂಡರಿನ್ ಕಲಿಯಲು ಹೋಗಿದ್ದೆ. ನ್ಯಾಷನಲ್ ತೈವಾನ್ ನಾರ್ಮಲ್ ಯೂನಿವರ್ಸಿಟಿ, ಅಲ್ಲಿಯವರ ಬಾಯಲ್ಲಿ ಶೀ-ದಾ, ಇರುವುದು ತೈಪೇಯ ದಾ-ಆನ್ ಜಿಲ್ಲೆಯಲ್ಲಿ. ಅಲ್ಲೇ ಒಂದು ಓಣಿಯಲ್ಲಿ, ಐದನೇ ಮಹಡಿಯ ಮೇಲೆ ಎಬ್ಬಿಸಿದ ತಗಡಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆ ಒಡತಿ, ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸಾದ ಹೆಂಗಸರನ್ನು ಮ್ಯಾಂಡರಿನ್‌ನಲ್ಲಿ ‘ಆ-ಯೀ’ ಎನ್ನುತ್ತಾರೆ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನೋದು ರೂಢಿ. ಹೀಗಾಗಿ ಆ ಭಾಷೆಯಲ್ಲಿ ನಾನು ಮೊದಲ ದಿನವೇ ತಪ್ಪಿಲ್ಲದೆ ಹೇಳಿದ ಶಬ್ದ ಅದೊಂದೇ.

ಆ ಸಲ ದಾ-ಆನ್‌ನಿಂದ ಸಂಸತ್ತಿಗೆ ನಿಂತವರು ಮ್ಯಾವ್ ಪೋ-ಯಾ. ಹುಟ್ಟಿದ್ದು 1987ರಲ್ಲಿ, ಮೂವತ್ತೆಂಟು ವರ್ಷದ ಮಾರ್ಷಲ್ ಲಾ ಎತ್ತಿಹಾಕಿದ ಅದೇ ವರ್ಷ. ಕಾನೂನು ಓದಿದವರು, ಮರಣದಂಡನೆ ಬೇಡವೆನ್ನುವ ಸಂಘಟನೆಯಲ್ಲಿ ಕೆಲಸ ಮಾಡಿದವರು, ಸಲಿಂಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡು 2018ರಲ್ಲಿ ತೈಪೇ ನಗರಸಭೆಗೆ ಆರಿಸಿ ಬಂದವರು. ಪಕ್ಷ ಸೋಷಿಯಲ್ ಡೆಮಾಕ್ರಟಿಕ್, ಬಹಳ ಸಣ್ಣದು. ಆಳುವ ಡಿಪಿಪಿ (ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಾರ್ಟಿ) ದಾ-ಆನ್‌ನಲ್ಲಿ ತನ್ನ ಅಭ್ಯರ್ಥಿಯನ್ನು ಹಾಕದೆ ಇವರ ಬೆನ್ನಿಗೆ ನಿಂತಿತ್ತು. ಎದುರಿಗೆ ವಿರೋಧ ಪಕ್ಷ ಕೆಎಂಟಿಯ (ಕ್ವೊಮಿಂಟಾಂಗ್) ಲೋ ಚೀ-ಛ್ಯಾಂಗ್. ಮಾ ಯಿಂಗ್-ಜೋ ಅಧ್ಯಕ್ಷರಾಗಿದ್ದಾಗ ಅವರ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಇದೇ ಭಾಗದಿಂದ ಕಾರ್ಪೊರೇಟರ್ ಕೂಡ ಆಗಿದ್ದವರು.

ಇಂಥ ಕ್ಷೇತ್ರಕ್ಕೆ ಅಲ್ಲಿಯವರು ಇಟ್ಟ ಹೆಸರೇ ‘ಕಷ್ಟದ ಕ್ಷೇತ್ರ’. ನೀಲಿ ಕೆಎಂಟಿಯ ಬಣ್ಣ, ಹಸಿರು ಡಿಪಿಪಿಯದು. ದಾ-ಆನ್ ಕಡುನೀಲಿ. 2016ರಲ್ಲಿ ಇಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕಿ ಫಾನ್ ಯುನ್ ನಿಂತು ಸೋತರು, 2020ರಲ್ಲಿ ಡಿಪಿಪಿಯ ಶ್ಯೆ ಪೇಯ್-ಫೆನ್ ಸೋತರು. ಯಾಕೆ ಹೀಗೆ ಎಂದು ಪುಸ್ತಕದಲ್ಲಿ ಓದಿದ್ದೆ. 1949ರಲ್ಲಿ ಚೀನಾದಲ್ಲಿ ಸೋತ ಕೆಎಂಟಿ ಸರ್ಕಾರದ ಜೊತೆ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು, ನೌಕರರು, ಅವರ ಸಂಸಾರಗಳು ಬಂದಿಳಿದದ್ದು, ಅವರಿಗೆಂದು ಎದ್ದ ವಸತಿ ಕೇರಿಗಳು, ಸೈನ್ಯ–ಸರ್ಕಾರಿ ನೌಕರಿ–ಶಾಲೆ ಈ ಮೂರರ ನಂಟು. ನಾನು ದಿನಾ ಸಂಜೆ ಸುತ್ತು ಹೊಡೆಯುತ್ತಿದ್ದ ದಾ-ಆನ್ ಅರಣ್ಯ ಉದ್ಯಾನವೂ ಅಂಥ ಕೇರಿಗಳಿದ್ದ ಜಾಗವೇ. ಅವನ್ನು ತೆರವು ಮಾಡಿ 1994ರಲ್ಲಿ ಉದ್ಯಾನ ತೆರೆದರು.

ಪುಸ್ತಕದಲ್ಲಿ ಸಿಗದ್ದು ಆಯಿಯ ಅಡಿಗೆಮನೆಯ ಡ್ರಾಯರಿನಲ್ಲಿತ್ತು. ಒಂದು ಸಂಜೆ ಬಾಡಿಗೆ ಕೊಡಲು ಇಳಿದಾಗ ಬ್ಯಾಂಕಿನ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತ ನೌಕರರ ಠೇವಣಿಗೆ ಹಿಂದೆ ಶೇ 18ರ ಬಡ್ಡಿ ಇತ್ತು. 2018ರ ಪಿಂಚಣಿ ಸುಧಾರಣೆಯಲ್ಲಿ ಡಿಪಿಪಿ ಸರ್ಕಾರ ಅದಕ್ಕೆ ಕತ್ತರಿ ಹಾಕಿತು. ಆಯಿ ಉಗುರಿನಿಂದ ಒಂದು ಸಾಲು ಗೀರಿ ತೋರಿಸಿದರು. ಆ ಸಾಲಿನ ಮೇಲಿನ ಅಂಕಿ ಒಂದು, ಕೆಳಗಿನದು ಇನ್ನೊಂದು. “ನೀನು ಪೇಪರಿನವನಲ್ಲವೇ, ಇದನ್ನು ಬರಿ,” ಎಂದರು. ಅಲ್ಲಿಯವರೆಗೆ ನನ್ನ ಟಿಪ್ಪಣಿಯಲ್ಲಿ ‘ಹಳೆಯ ತಲೆಮಾರು, ಚೀನಾದ ನೆನಪು’ ಎಂದೆಲ್ಲ ಇತ್ತು. ಹೊಡೆದುಹಾಕಿದೆ.

ಇನ್ನು ನಾನು ಕೆಲಸ ಮಾಡಿದ ರೀತಿ. ನನ್ನದು ವಿದ್ಯಾರ್ಥಿ ವೀಸಾ. ಪ್ರಚಾರದಲ್ಲಿ ಕೈಹಾಕಿದ್ದಾನೆ ಎಂದು ಯಾರೂ ಬೆರಳು ತೋರಿಸುವಂತಿರಬಾರದು. ಹಾಗಾಗಿ ಯಾವ ಕಡೆಯ ಜಾಕೆಟ್ಟೂ ತೊಡಲಿಲ್ಲ, ಭಾರ ಹೊತ್ತ ಕಾರ್ಯಕರ್ತೆಯೊಬ್ಬಳ ಪೊಟ್ಟಣದ ಚೀಲವನ್ನು ಒಂದು ನಿಮಿಷ ಹಿಡಿಯಲೂ ಹೋಗಲಿಲ್ಲ; ಅದು ಒರಟುತನವಾಗಿ ಕಂಡಿರಬೇಕು. ಭಾಷಣ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಅವರು ನಡುನಡುವೆ ತೈವಾನಿ ಭಾಷೆಗೆ ಜಿಗಿದರೆ ಅದೂ ಹೋಯಿತು. ಜನ ಒಟ್ಟಾಗಿ ಕೂಗುವ ‘ತೋಂಗ್-ಸ್ವಾನ್’ ಎಂದರೆ ಆ ಭಾಷೆಯಲ್ಲಿ ಗೆಲುವು. ಆದರೆ ಬರೆಯುವಾಗ ಬಳಸುವ ಅಕ್ಷರಗಳನ್ನು ಮ್ಯಾಂಡರಿನ್‌ನಲ್ಲಿ ಓದಿದರೆ ‘ಹೆಪ್ಪುಗಟ್ಟಿದ ಬೆಳ್ಳುಳ್ಳಿ’ ಎಂದಾಗುತ್ತದೆ. ನಿಘಂಟು ಹಿಡಿದು ಅರ್ಧ ಗಂಟೆ ಕೂತಿದ್ದೆ. ಕೊನೆಗೆ ಮಾತು ಕೇಳುವುದನ್ನು ಕಡಿಮೆ ಮಾಡಿ ಕೈಗಳನ್ನು ನೋಡತೊಡಗಿದೆ.

ಕೈ ನೋಡಲು ಕಸದ ಗಾಡಿಯ ಹೊತ್ತಿಗಿಂತ ಒಳ್ಳೆಯ ಸಮಯ ಇಲ್ಲ. ತೈಪೇಯಲ್ಲಿ ಕಸವನ್ನು ಬೀದಿಗೆ ಇಟ್ಟು ಹೋಗುವಂತಿಲ್ಲ. ದುಡ್ಡು ಕೊಟ್ಟು ಕೊಂಡ ನೀಲಿ ಚೀಲದಲ್ಲಿ ತುಂಬಿಕೊಂಡು, ಪಿಯಾನೋ ರಾಗ ನುಡಿಸುತ್ತ ಗಾಡಿ ಬರುವ ಹೊತ್ತಿಗೆ ಮೂಲೆಯಲ್ಲಿ ನಿಂತು, ಕೈಯಾರೆ ಎಸೆಯಬೇಕು. ಗಾಡಿ ಬರುವ ಹತ್ತು ನಿಮಿಷ ಮೊದಲೇ ಓಣಿಯವರೆಲ್ಲ ಚಪ್ಪಲಿಯಲ್ಲಿ ಇಳಿದು ನಿಂತಿರುತ್ತಾರೆ. ಓಟು ಕೇಳುವವರಿಗೆ ಇದು ತಿಳಿದೇ ಇದೆ. ಮೆಟ್ರೊದ ಬಾಗಿಲಲ್ಲಿ ಜನ ಓಡುತ್ತಿರುತ್ತಾರೆ, ಇಲ್ಲಿ ಎಲ್ಲೂ ಹೋಗುವಂತಿಲ್ಲ. ಎರಡೂ ಕೈಯಲ್ಲಿ ಕಸ ಬೇರೆ.

ಅಲ್ಲಿ ಕಂಡೆ, ಬೇಡವೆನ್ನುವುದರಲ್ಲಿ ಎಷ್ಟು ಬಗೆ ಇವೆ ಎಂದು. ಪೊಟ್ಟಣ ಬಂದಾಗ ಒಬ್ಬರು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿ ‘ಕೈ ಖಾಲಿ ಇಲ್ಲ’ ಎಂದು ತೋರಿಸುತ್ತಾರೆ. ಇನ್ನೊಬ್ಬರು ತಗೊಂಡು, ಥ್ಯಾಂಕ್ಸ್ ಹೇಳಿ, ಮುಖ ಕಾಣದಂತೆ ಮಗುಚಿ ಹಿಡಿಯುತ್ತಾರೆ. ಒಬ್ಬ ಮುದುಕರು ದಿನಾ ತಗೊಂಡು ದಿನಾ ಅಂಚೆಪೆಟ್ಟಿಗೆಗಳ ಸಾಲಿನ ಮೇಲೆ ನೀಟಾಗಿ ಪೇರಿಸಿಟ್ಟು ಹೋಗುತ್ತಿದ್ದರು. ಎಸೆಯಲು ಮನಸ್ಸಿಲ್ಲ, ಮನೆಗೊಯ್ಯಲೂ ಮನಸ್ಸಿಲ್ಲ. ಜೇಬು ತೋರಿಸಿ ‘ಇದರೊಳಗೆ ಹಾಕಮ್ಮ’ ಎನ್ನುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಅವರೂ ಹೆಚ್ಚಿನಂಶ ಬಾಡಿಗೆಗೆ ಬಂದ ಹುಡುಗ ಹುಡುಗಿಯರು. ಅವರಲ್ಲಿ ಕೆಲವರನ್ನು ಕೇಳಿದೆ. ಅವರ ಓಟು ಇರುವುದು ದಕ್ಷಿಣದ ತೈನಾನ್‌ನಲ್ಲಿ, ಚ್ಯಾಯಿಯಲ್ಲಿ. ತೈವಾನಿನಲ್ಲಿ ಹೆಸರು ನೋಂದಾಯಿಸಿದ ಊರಿಗೇ ಹೋಗಿ ಓಟು ಹಾಕಬೇಕು, ಅಂಚೆ ಮತ ಇಲ್ಲ. ಅಂದರೆ ದಾ-ಆನ್‌ನ ಬೀದಿಯಲ್ಲಿ ಕಾಣುವ ದಾ-ಆನ್ ಬೇರೆ, ಮತಪಟ್ಟಿಯ ದಾ-ಆನ್ ಬೇರೆ. ನನ್ನ ಮೊದಲ ವರದಿ ಮುಗ್ಗರಿಸಿದ್ದು ಇಲ್ಲೇ.

ಊರಿಗೆ ಫೋನು ಮಾಡಿದಾಗ ಅವ್ವ ಕೇಳಿದಳು. “ಆರಿಸಿ ಬರ್ತಾಳೇನೋ ಅಕಿ?”

“ಕಷ್ಟ ಐತಿ.”

“ಕಾರ್ಪೊರೇಟರ್ ಎಲೆಕ್ಷನ್ನಿಗೆ ಇದ ಮಂದಿ ಹಾಕಿದ್ರಲ್ಲ? ಎರಡು ಸಲ ಗೆದ್ದಾಳ ಅಂದಿ.”

ನ್ಯಾಯವಾದ ಪ್ರಶ್ನೆ. ನಗರಸಭೆಗೆ ದಾ-ಆನ್ ಮತ್ತು ಪಕ್ಕದ ವೆನ್‌ಶಾನ್ ಸೇರಿ ಒಂದೇ ಕ್ಷೇತ್ರ. ಅಲ್ಲಿಂದ ಹತ್ತಕ್ಕೂ ಹೆಚ್ಚು ಮಂದಿ ಆರಿಸಿ ಬರುತ್ತಾರೆ, ಮತದಾರನಿಗೆ ಓಟು ಒಂದೇ. ನೂರರಲ್ಲಿ ಏಳೆಂಟು ಜನ ಗಟ್ಟಿಯಾಗಿ ಹಿಂದೆ ನಿಂತರೆ ಸಾಕು, ಉಳಿದವರು ಹಿಡಿಶಾಪ ಹಾಕಿದರೂ ಕುರ್ಚಿ ಸಿಗುತ್ತದೆ. ಸಂಸತ್ತಿನ ಸ್ಥಾನ ಒಂದೇ. ಅಲ್ಲಿ ಹಿಡಿಶಾಪದವರ ಮನೆಯಿಂದಲೂ ಒಂದಷ್ಟು ಓಟು ಬರಬೇಕು. ಕಡುನೀಲಿ ಊರಲ್ಲಿ ಮ್ಯಾವ್ ಅವರ ಇಡೀ ಪ್ರಚಾರ ನಡೆದದ್ದು ಈ ಎರಡು ಲೆಕ್ಕಗಳ ನಡುವೆ. ಮೊದಲಿಂದ ಹಿಂದಿರುವವರಿಗೆ ಹಳೆಯ ದನಿಯೇ ಬೇಕು; ಆಯಿಯಂಥವರಿಗೆ ಆ ದನಿ ಕೇಳಿದರೇ ತಲೆನೋವು. ಮರಣದಂಡನೆಯ ಬಗ್ಗೆ ಅವರ ನಿಲುವು ಏನೆಂದು ಆಯಿಗೆ ಬಾಯಿಪಾಠವಾಗಿತ್ತು. ಕಾರ್ಪೊರೇಟರ್ ಆಗಿ ಏನು ಮಾಡಿದರೆಂದು ಕೇಳಿದರೆ ಸ್ವಲ್ಪ ಯೋಚಿಸಿ, “ಕಚೇರಿಗೆ ಹೋದರೆ ಕೆಲಸ ಮಾಡಿಕೊಡ್ತಾರಂತೆ, ಪಕ್ಕದ ಮನೆಯವರು ಹೇಳಿದ್ರು,” ಎಂದರು.

ನವೆಂಬರಿನಲ್ಲೇ ಇನ್ನೊಂದು ಗದ್ದಲ ಎದ್ದಿತು, ಅದು ನನ್ನ ಚರ್ಮಕ್ಕೇ ತಾಗುವಂಥದ್ದು. ಭಾರತದಿಂದ ಒಂದು ಲಕ್ಷ ಕಾರ್ಮಿಕರನ್ನು ತರಿಸುತ್ತಾರಂತೆ ಎಂಬ ಸುದ್ದಿ. ಸರ್ಕಾರ ಆ ಸಂಖ್ಯೆಯನ್ನು ಅಲ್ಲಗಳೆದರೂ ಫೋನುಗಳಲ್ಲಿ ಬಂದ ಮಾತು ಹೇಳುವಂಥದಲ್ಲ. ಡಿಸೆಂಬರ್ 3ರಂದು ಅಧ್ಯಕ್ಷರ ಭವನದ ಎದುರಿನ ಕೆತಗಲನ್ ರಸ್ತೆಯಲ್ಲಿ ಪ್ರತಿಭಟನೆಯೂ ಆಯಿತು. ಅದೇ ವಾರ ಲಿನ್‌ಜ್ಯಾಂಗ್ ಬೀದಿಯ ರಾತ್ರಿ ಸಂತೆಯಲ್ಲಿ ಕರಿದ ಅಣಬೆ ಮಾರುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಉಳಿದ 99,999 ಮಂದಿ ಎಲ್ಲಿ?” ಎಂದ. ತಮಾಷೆಗೇ. ಮೇಲೆ ಎರಡು ಚೂರು ಹೆಚ್ಚಿಗೆ ಹಾಕಿಕೊಟ್ಟ. ನಾನೂ ನಕ್ಕೆ. ಆದರೆ ಮರುದಿನ ಕ್ಯಾಮೆರಾ ಹಿಡಿದು ಹೋದಾಗ ಪ್ರಚಾರದ ಗುಂಪಿನಿಂದ ಹತ್ತು ಹೆಜ್ಜೆ ದೂರ ನಿಂತೆ. ಯಾರೂ ಹೇಳಲಿಲ್ಲ, ನಾನೇ ಸರಿದೆ. ಅಭ್ಯರ್ಥಿಯ ಪಕ್ಕದಲ್ಲಿ ಭಾರತೀಯನೊಬ್ಬ ನಿಂತ ಫೋಟೊ ಆ ಹೊತ್ತಿಗೆ ಯಾರಿಗೆ ಏನು ಕೆಲಸಕ್ಕೆ ಬರುತ್ತಿತ್ತೋ. ಆ ಹತ್ತು ಹೆಜ್ಜೆಯ ಬಗ್ಗೆ ಇಂದಿಗೂ ನನಗೆ ಸಮಾಧಾನ ಇಲ್ಲ. ಎರಡೂ ದೇಶಗಳ ಕಾರ್ಮಿಕ ಒಪ್ಪಂದಕ್ಕೆ ಸಹಿ ಬಿದ್ದದ್ದು ಮತದಾನವೆಲ್ಲ ಮುಗಿದ ಮೇಲೆ, 2024ರ ಫೆಬ್ರುವರಿ 16ರಂದು.

ಜನವರಿ 12ರ ರಾತ್ರಿ ಹತ್ತಕ್ಕೆ ಪ್ರಚಾರ ನಿಂತಿತು. ಮರುದಿನ ಶನಿವಾರ ಆಯಿ ಗುರುತಿನ ಚೀಟಿ, ಮತದಾನದ ಸೂಚನಾಪತ್ರ, ತಮ್ಮ ಹೆಸರಿನ ಮುದ್ರೆ ಮೂರನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಹೊರಟರು. ಅಲ್ಲಿ ಯಂತ್ರ ಇಲ್ಲ, ಕಾಗದವೇ. ಒತ್ತುವ ಮುದ್ರೆಯ ಗುರುತು ಎರಡೂ ಬದಿ ಸಮನಾಗಿಲ್ಲ. ಮಡಿಚಿದಾಗ ಶಾಯಿ ಆಚೆ ಬದಿಗೆ ಅಂಟಿದರೆ ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ತಿಳಿಯಲಿ ಎಂದು.

ನಾಲ್ಕಕ್ಕೆ ಮತದಾನ ಮುಗಿಯಿತು. ಅದೇ ಶಾಲೆಯ ಅದೇ ಕೋಣೆಯಲ್ಲಿ ಎಣಿಕೆ ಶುರು. ಓಣಿಯ ಜನರ ಜೊತೆ ನಾನೂ ಹೊರಗೆ ನಿಂತೆ. ಒಬ್ಬರು ಒಂದೊಂದೇ ಮತಪತ್ರವನ್ನು ತಲೆಯ ಮೇಲೆತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು ಕೂಗುತ್ತಾರೆ. ಇನ್ನೊಬ್ಬರು ಗೋಡೆಯ ಹಾಳೆಯ ಮೇಲೆ ಒಂದು ಗೀಟು ಎಳೆಯುತ್ತಾರೆ. ಐದು ಗೀಟು ಸೇರಿದರೆ ‘ಝೆಂಗ್’ ಎಂಬ ಅಕ್ಷರ, ಅರ್ಥ ‘ಸರಿ, ನೆಟ್ಟಗೆ’. ಶೀ-ದಾದಲ್ಲಿ ಮೊದಲ ವಾರ ನೂರು ಸಲ ತಿದ್ದಿದ ಅಕ್ಷರ. ಲೋ ಅವರ ಸಾಲಿನಲ್ಲಿ ಝೆಂಗ್‌ಗಳು ಬೇಗ ಬೇಗ ತುಂಬುತ್ತಿದ್ದವು. ಮ್ಯಾವ್ ಅವರ ಸಾಲು ಹಿಂದಿತ್ತು, ಆದರೆ ನಾನು ಕಸದ ಗಾಡಿಯ ಹೊತ್ತಿನಲ್ಲಿ ಲೆಕ್ಕ ಹಾಕಿದಷ್ಟು ಹಿಂದಿರಲಿಲ್ಲ. ಅಂದರೆ ಪೊಟ್ಟಣ ಮಗುಚಿ ಹಿಡಿದವರಲ್ಲೂ ಕೆಲವರು ಹಾಕಿದ್ದರು. ಮೊದಲು ಹೆಚ್ಚು ಎಣಿಸಿ ಕೆಟ್ಟೆ, ಆಮೇಲೆ ಕಡಿಮೆ ಎಣಿಸಿ ಕೆಟ್ಟೆ.

ಅಧ್ಯಕ್ಷ ಸ್ಥಾನ ಡಿಪಿಪಿಯ ಲಾಯ್ ಛಿಂಗ್-ತೆ ಅವರಿಗೆ ಶೇ 40ರಲ್ಲಿ ಸಿಕ್ಕಿತು. ಸಂಸತ್ತಿನಲ್ಲಿ ಕೆಎಂಟಿ 52, ಡಿಪಿಪಿ 51. ಅಷ್ಟು ಹತ್ತಿರದ ಲೆಕ್ಕದಲ್ಲೂ ದಾ-ಆನ್ ನೀಲಿಯಾಗಿಯೇ ಉಳಿಯಿತು. 2025ರ ಜುಲೈ 26ರಂದು ಲೋ ಅವರನ್ನು ಸಂಸತ್ತಿನಿಂದ ವಾಪಸ್ ಕರೆಸಿಕೊಳ್ಳಬೇಕೇ ಎಂದು ಮತದಾನ ನಡೆದಾಗಲೂ ಜನ ಕರೆಸುವುದು ಬೇಡವೆಂದರು.

ಚುನಾವಣೆ ಮುಗಿದ ಮೇಲೆ ಗೆದ್ದವರೂ ಸೋತವರೂ ಗಾಡಿಯಲ್ಲಿ ನಿಂತು ಬೀದಿಬೀದಿ ತಿರುಗಿ ಧನ್ಯವಾದ ಹೇಳುವುದು ಅಲ್ಲಿಯ ಪದ್ಧತಿ. ಫಲಿತಾಂಶದ ಮರುದಿನ ನಾನೂ ಆಯಿಯೂ ಮಹಡಿ ಮೇಲೆ ಬಟ್ಟೆ ತೆಗೆಯುತ್ತಿದ್ದೆವು. ಓಣಿಯ ಆಚೆ ಒಂದು ಧ್ವನಿವರ್ಧಕ ಹಾದುಹೋಯಿತು. ಗಾಡಿ ಕಾಣಲಿಲ್ಲ. ‘ಧನ್ಯವಾದ, ಧನ್ಯವಾದ, ಇನ್ನೂ ಶ್ರಮಪಡುತ್ತೇವೆ’ ಎಂಬಷ್ಟೇ ಕೇಳಿಸಿತು.

“ಯಾರದ್ದು?” ಎಂದೆ.

ಆಯಿ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ಕಿವಿಗೊಟ್ಟರು. “ಗೊತ್ತಾಗ್ತಾ ಇಲ್ಲ,” ಎಂದು ಹಾಸಿಗೆ ವಸ್ತ್ರದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು.