ಉಪ್ಪು ಗಾಳಿಯ ಊರಿನಲ್ಲಿ ಚಾವಿ ರೈಲು

ಕಾರವಾರದಲ್ಲಿ ಕೂತು ತಗಡಿನ ಹಳೇ ಆಟಿಕೆ ರೈಲು ಸಂಗ್ರಹಿಸುತ್ತೇನೆ ಅಂದರೆ, ತಿಳಿದವರು ಮೊದಲು ಕೇಳುವುದು ತುಕ್ಕಿನ ಬಗ್ಗೆ. ಸರಿಯಾದ ಪ್ರಶ್ನೆಯೇ. ಇಲ್ಲಿನ ಗಾಳಿ ಕಿಟಕಿ ಸರಳನ್ನೇ ತಿಂದು ಹಾಕುತ್ತದೆ, ಇನ್ನು ತೆಳ್ಳನೆಯ ತಗಡು ಯಾವ ಲೆಕ್ಕ?

ನನ್ನ ಹತ್ತಿರ ಇರುವುದು ಹೆಚ್ಚಾಗಿ ಚಾವಿ ಕೊಟ್ಟು ಓಡಿಸುವ ‘ಓ ಗೇಜ್’ ರೈಲುಗಳು. ಹಳಿಗಳ ನಡುವೆ 32 ಮಿಲಿಮೀಟರ್ ಅಂತರ. ಬಹುಪಾಲು ಲಿವರ್‌ಪೂಲಿನ ಮೆಕಾನೋ ಕಂಪನಿ 1920ರಿಂದ ಮಾಡಿದ ಹಾರ್ನ್‌ಬಿ ರೈಲುಗಳು. ಜರ್ಮನಿಯ ಬಿಂಗ್ ಕಂಪನಿಯ ರೈಲು ಡಬ್ಬಿಗಳೂ ಇವೆ.

ಇವೆಲ್ಲ ಈ ಕಡೆಗೆ ಹೇಗೆ ಬಂದವು ಅಂತ ಆಶ್ಚರ್ಯ ಆಗಬಹುದು. ಕೊಂಕಣ ರೈಲ್ವೆಯ ಪೂರ್ತಿ ಮಾರ್ಗ ಶುರುವಾದದ್ದು 1998ರಲ್ಲಿ. ಆದರೆ ನಮ್ಮ ಜನ ಅದಕ್ಕೂ ಎಷ್ಟೋ ಮೊದಲು ಸ್ಟೀಮರ್ ಹತ್ತಿ ಮುಂಬೈಗೆ ಹೋಗಿ ದುಡಿದವರು, ಹಡಗಿನಲ್ಲಿ ಕೆಲಸ ಮಾಡಿದವರು. ಅವರು ಮಕ್ಕಳಿಗೆ ತಂದ ಸಾಮಾನಿನಲ್ಲಿ ರೈಲೂ ಇತ್ತು. ಹಾಗಾಗಿ ಕೆಲವು ಮನೆಗಳಿಗೆ ನಿಜವಾದ ರೈಲಿಗಿಂತ ಮೊದಲೇ ಆಟಿಕೆ ರೈಲು ಬಂದಿತ್ತು! ನಾನು ಸದಾಶಿವಗಡ, ಅಂಕೋಲಾ, ಕುಮಟಾ ಕಡೆಯ ಹಳೇ ಮನೆಗಳಲ್ಲಿ ವಿಚಾರಿಸುತ್ತೇನೆ, ಗೋವಾಕ್ಕೂ ಹೋಗುತ್ತೇನೆ. ಮುಂಬೈಯ ಚೋರ್ ಬಜಾರಿನಲ್ಲಿ ಸಿಗುತ್ತವೆ, ಆದರೆ ಅಲ್ಲಿ ಹೊಸ ಬಣ್ಣ ಬಳಿದ ಮಾಲು ಜಾಸ್ತಿ. ಹೊರದೇಶದಿಂದ ತರಿಸುವುದು ನನಗೆ ಹಿಡಿಸಲಿಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು.

ಕೈಗೆ ಸಿಕ್ಕಿದ್ದು ಯಾವ ಕಾಲದ್ದು ಅಂತ ಹೇಳಲು ಅದರ ಮೈಮೇಲಿನ ಅಕ್ಷರವೇ ಸಾಕು. ಬ್ರಿಟನ್ನಿನ ರೈಲು ಕಂಪನಿಗಳು ಒಟ್ಟುಗೂಡಿ ನಾಲ್ಕಾದದ್ದು 1923ರಲ್ಲಿ. ಎಂಜಿನ್ ಮೇಲೆ ಆ ನಾಲ್ಕರಲ್ಲಿ ಒಂದರ ಗುರುತಾದ ‘ಎಲ್‌ಎಂಎಸ್’ ಅಥವಾ ‘ಎಲ್‌ಎನ್‌ಇಆರ್’ ಇದ್ದರೆ ಅದು ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಬ್ರಿಟಿಷ್ ರೈಲ್ವೇಸ್ ಗುರುತು ಇದ್ದರೆ 1948ರ ಈಚಿನದು. ಬಿಂಗ್ ಡಬ್ಬಿಯ ಮೇಲೆ ‘ಜಿಬಿಎನ್’ ಇದ್ದರೆ ಮೊದಲ ಮಹಾಯುದ್ಧದ ಸುತ್ತಮುತ್ತಲಿನದು ಅಥವಾ ಅದಕ್ಕೂ ಹಿಂದಿನದು. ‘ಬಿಡಬ್ಲ್ಯು’ ಇದ್ದರೆ ಆಮೇಲಿನದು.

ಬೆಲೆ ಮಾತ್ರ ವಯಸ್ಸಿನಿಂದಲೇ ಬರುವುದಿಲ್ಲ. ಮೂಲ ಬಣ್ಣ ಉಳಿದಿದೆಯಾ ಅನ್ನುವುದೇ ಮುಖ್ಯ. ನಾನು ಭೂತಗನ್ನಡಿ ಹಿಡಿದು ಮೊದಲು ನೋಡುವುದು ತಗಡಿನ ನಾಲಿಗೆಗಳನ್ನು. ಒಂದು ತಗಡಿನ ಸೀಳಿನೊಳಗೆ ಇನ್ನೊಂದರ ನಾಲಿಗೆ ತೂರಿಸಿ ಮಡಚಿರುತ್ತಾರಲ್ಲ, ಅಲ್ಲಿ. ಯಾರಾದರೂ ಬಿಚ್ಚಿ ಮತ್ತೆ ಮಡಚಿದ್ದರೆ ಆ ಮಡಿಕೆಯಲ್ಲಿ ಬಣ್ಣ ಬಿರುಕು ಬಿಟ್ಟು ತಗಡು ಮಿನುಗುತ್ತದೆ. ಸ್ಕ್ರೂ ತಲೆಯ ಸೀಳಿನಲ್ಲಿ ಬಣ್ಣ ತುಂಬಿಕೊಂಡಿದ್ದರೆ ಅದು ಆಮೇಲೆ ಬಳಿದದ್ದು ಅಂತ ನನ್ನ ಅನುಮಾನ. ಗೀರು ಬಿದ್ದ ಹಳೇ ಬಣ್ಣವನ್ನು ನಾನು ಹೊಳೆಯುವ ಹೊಸ ಬಣ್ಣಕ್ಕಿಂತ ಯಾವತ್ತೂ ಮೇಲು ಅನ್ನುತ್ತೇನೆ. ಆ ಗೀರು ಒಂದು ಮಗು ಆಡಿದ್ದರಿಂದ ಬಂದದ್ದು ಅಲ್ವಾ?

ಇನ್ನೊಂದು ಕಾಯಿಲೆ ಸತುವಿನದು. 1930ರ ದಶಕದ ಕೆಲವು ಎರಕದ ಚಕ್ರಗಳ ಸತುವಿನಲ್ಲಿ ಸೀಸ ಬೆರೆತಿತ್ತು. ಅಂಥವು ಒಳಗಿಂದಲೇ ಉಬ್ಬಿ, ಕೂದಲೆಳೆಯಂತೆ ಸೀಳು ಬಿಟ್ಟು, ಕೊನೆಗೆ ಹುಡಿಯಾಗುತ್ತವೆ. ಸೆಕೆ, ತೇವ ಎರಡೂ ಇದನ್ನು ಬೇಗ ಮಾಡುತ್ತವೆ, ನಮ್ಮಲ್ಲಿ ಎರಡಕ್ಕೂ ಬರ ಇಲ್ಲ. ಇದಕ್ಕೆ ಔಷಧಿ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹಬ್ಬುವುದಿಲ್ಲ ಅನ್ನುವುದೇ ಸಮಾಧಾನ. ಚಕ್ರ ಉಬ್ಬಿದ್ದರೆ ನಾನು ಆ ಎಂಜಿನ್ನಿನ ಆಸೆ ಬಿಡುತ್ತೇನೆ.

ಯಂತ್ರ ತಿರುಗದಿದ್ದರೆ ಗಾಬರಿ ಬೇಡ. ಕುಮಟಾದಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಒಯ್ಯುತ್ತೇನೆ. “ಸ್ಪ್ರಿಂಗ್ ಮುರಿದಿಲ್ಲ ಮಾರಾಯಾ, ಹಳೇ ಎಣ್ಣೆ ಗಟ್ಟಿಯಾಗಿದೆ ಅಷ್ಟೇ” ಅನ್ನುತ್ತಾರೆ. ಹೆಚ್ಚಿನ ಸಲ ಅದೇ ನಿಜ. ಮನೆಯಲ್ಲಿ ತೆಂಗಿನೆಣ್ಣೆ ಇದೆ ಅಂತ ಸುಮ್ನೆ ಸುರಿಯಬೇಡಿ, ದಿನ ಹೋದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ, ಅದೂ ಸೂಜಿ ತುದಿಯಿಂದ ಒಂದು ಹನಿ. ಬಣ್ಣಕ್ಕೆ ತಾಗಬಾರದು.

ಮೇ ತಿಂಗಳಲ್ಲೇ ನನ್ನ ಮಳೆಗಾಲದ ತಯಾರಿ. ಒಂದೊಂದನ್ನೂ ಮೃದು ಕುಂಚದಿಂದ ಒರೆಸಿ, ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಪದರ ಹಚ್ಚುತ್ತೇನೆ. ಮೊದಲು ತಳದಲ್ಲಿ ಕಾಣದ ಜಾಗಕ್ಕೆ ಹಚ್ಚಿ ಬಣ್ಣ ಏಳುವುದಿಲ್ಲ ಅಂತ ನೋಡಿಕೊಂಡು. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹರಳು, ಜೊತೆಗೆ ತೇವ ಅಳೆಯುವ ಸಣ್ಣ ಮೀಟರ್. ಮುಳ್ಳು ಶೇ. 50 ದಾಟಿದರೆ ಜೆಲ್ ಬದಲಿಸುತ್ತೇನೆ. ತೇವ ಹೀರಿದ್ದನ್ನು ಅಡುಗೆಗೆ ಬಳಸದ ಬೇರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಬಳಸಬಹುದು. ಪೇಪರಿನಲ್ಲಿ ಸುತ್ತಿಡುವುದು ಮಾತ್ರ ಬೇಡವೇ ಬೇಡ. ಕಾಗದ ತೇವ ಕುಡಿದು ತಗಡಿಗೇ ಅಂಟಿಕೊಳ್ಳುತ್ತದೆ.

ಹೊಸದಾಗಿ ಶುರು ಮಾಡುವವರು ಎಂಜಿನ್ನಿಗೆ ಕೈ ಹಾಕುವ ಮೊದಲು ಡಬ್ಬಿಗಳನ್ನು ಕೊಳ್ಳಿ. ಸ್ಪ್ರಿಂಗಿನ ತಲೆನೋವಿಲ್ಲ, ಬಣ್ಣ ಗುರುತಿಸುವುದು ಕಲಿಯಬಹುದು. ಇನ್ನು ನಿಮ್ಮದೇ ಮನೆಯ ಅಟ್ಟದಲ್ಲಿ ಒಂದು ರೈಲು ಸಿಕ್ಕಿತು ಅಂದುಕೊಳ್ಳಿ. ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಅದರ ಬದಲು ಹಳೇ ಕಪಾಟು, ಟ್ರಂಕು ಎಲ್ಲ ತಡಕಾಡಿ. ಚಾವಿ, ಹಳಿ, ರಟ್ಟಿನ ಡಬ್ಬ ಬೇರೆಲ್ಲೋ ಬಿದ್ದಿರುತ್ತವೆ. ಮೂಲ ಡಬ್ಬ ಸಿಕ್ಕರೆ ಹರಿದಿದ್ದರೂ ಎಸೆಯಬೇಡಿ, ರೈಲಿನ ಬೆಲೆ ಅದರಿಂದಲೇ ಎಷ್ಟೋ ಏರುತ್ತದೆ.